ಕರ್ನಿಹ್ಯಾನ್ ಯಾರು, ಅವರ ಹಳೇ ಸಿ ಪುಸ್ತಕ ಮಗಳಿಗೆ ಈಗ ಬೇಕಾ?

ಪ್ರಶ್ನೆ: ನಾವು ಡೊಂಬಿವಲಿಯವರು. ನಾನು ಬ್ಯಾಂಕ್ ಕೆಲಸದಿಂದ ನಿವೃತ್ತ. ಮಗಳು ಥಾಣೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಮಾಟುಂಗಾದ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ‘ದ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್’ ಅನ್ನೋ ಹಳೇ ಪುಸ್ತಕ ಸಿಕ್ಕಿತು, ಅವಳಿಗೆಂದು ತಂದೆ. ಅವಳು ನಕ್ಕುಬಿಟ್ಟಳು. “ಪಪ್ಪಾ, ಇದು 1988ರದ್ದು. ಈಗ ಕೋಡನ್ನ ಎಐ ಬರೆಯುತ್ತೆ” ಅಂದಳು. ಪುಸ್ತಕದ ಮೇಲೆ ಕರ್ನಿಘನ್, ರಿಚಿ ಅಂತ ಎರಡು ಹೆಸರಿವೆ. ಈ ಕರ್ನಿಘನ್ ಸಿ ಭಾಷೆ ಕಂಡುಹಿಡಿದವರಾ? ಇನ್ನೇನು ಮಾಡಿದ್ದಾರೆ? ಇದನ್ನು ಓದು ಅಂತ ಮಗಳಿಗೆ ಹೇಳಲಾ, ರದ್ದಿಗೆ ಹಾಕಲಾ?

ಉತ್ತರ: ರದ್ದಿಗೆ ಹಾಕಬೇಡಿ. ಆ ಫುಟ್‌ಪಾತಿನಲ್ಲಿ ಗೈಡುಗಳ ರಾಶಿಯ ನಡುವೆ ಈ ಪುಸ್ತಕ ಕೈಗೆ ಸಿಕ್ಕಿದ್ದು ನಿಮ್ಮ ಅದೃಷ್ಟ.

ಈಗ ನಿಮ್ಮ ಮೊದಲ ಪ್ರಶ್ನೆ. ಇಲ್ಲ, ಸಿ ಭಾಷೆಯನ್ನು ಕಂಡುಹಿಡಿದವರು ಅವರಲ್ಲ. ಅದು ಡೆನಿಸ್ ರಿಚಿಯವರ ಕೆಲಸ. ಇದನ್ನು ಬ್ರಯಾನ್ ಕರ್ನಿಹ್ಯಾನ್ ಅವರೇ ಕೇಳಿದವರಿಗೆಲ್ಲ ಹೇಳುತ್ತಾ ಬಂದಿದ್ದಾರೆ. ಆದರೂ ಕ್ಯಾಂಪಸ್ ಇಂಟರ್‌ವ್ಯೂಗೆ ಹೋಗುವ ಹುಡುಗರು ಇಬ್ಬರ ಹೆಸರನ್ನೂ ಸೇರಿಸಿಯೇ ಹೇಳುತ್ತಾರೆ. ಪುಸ್ತಕಕ್ಕೆ ‘ಕೆ ಅಂಡ್ ಆರ್’ ಅನ್ನೋ ಅಡ್ಡಹೆಸರೇ ಬಿದ್ದುಬಿಟ್ಟಿದೆ, ಅದರಿಂದ ಈ ಗೊಂದಲ. ಅಂದಹಾಗೆ ಅವರ ಹೆಸರಿನಲ್ಲಿ ‘ಜಿ’ ಉಚ್ಚಾರ ಆಗುವುದಿಲ್ಲ. ವೈವಾದಲ್ಲಿ ಮಗಳಿಗೆ ಉಪಯೋಗಕ್ಕೆ ಬಂದೀತು.

ಹಾಗಾದರೆ ಅವರು ಮಾಡಿದ್ದೇನು? ನನ್ನ ಲೆಕ್ಕದಲ್ಲಿ ಅವರು ಮೊದಲು ಬರಹಗಾರ, ಆಮೇಲೆ ವಿಜ್ಞಾನಿ. ಪ್ರೋಗ್ರಾಂ ಅಂದರೆ ಯಂತ್ರಕ್ಕೆ ಕೊಡುವ ಆಜ್ಞೆ ಅಂತ ಎಲ್ಲರೂ ಅಂದುಕೊಂಡಿದ್ದಾಗ, ಅದನ್ನು ಇನ್ನೊಬ್ಬ ಮನುಷ್ಯನೂ ಓದಬೇಕು ಅಂತ ಹಟ ಹಿಡಿದವರು ಅವರು. ಅವರ ವೃತ್ತಿಯಲ್ಲಿ ಎಲ್ಲಿ ಕೈಹಾಕಿದರೂ ಇದೇ ಸಿಗುತ್ತದೆ.

ಹುಟ್ಟಿದ್ದು 1942ರಲ್ಲಿ, ಕೆನಡಾದ ಟೊರೊಂಟೊದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಫಿಸಿಕ್ಸ್ ಓದಿ 1964ರಲ್ಲಿ ಪದವಿ ಪಡೆದರು. ಆಗ ಕಂಪ್ಯೂಟರ್ ಸೈನ್ಸ್ ಅನ್ನೋ ವಿಷಯವೇ ಹೆಚ್ಚಿನ ಕಡೆ ಇರಲಿಲ್ಲ. ಓದುವಾಗ ಒಂದು ಬೇಸಿಗೆ ತೈಲ ಕಂಪನಿಯಲ್ಲಿ ಇಂಟರ್ನ್ ಆಗಿದ್ದರು. ಕೋಬಾಲ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆಯಲು ಕೂತರು. ಅದು ಕೊನೆಗೂ ಓಡಲೇ ಇಲ್ಲವಂತೆ. ಮೊದಲ ಸೆಮಿಸ್ಟರಿನಲ್ಲೇ ಕೆಟಿ ಬಿತ್ತು (ಅಂದರೆ ಒಂದು ವಿಷಯ ಫೇಲಾಯಿತು) ಅಂತ ತಲೆ ಮೇಲೆ ಕೈಹೊತ್ತು ಕೂರುವ ನಮ್ಮ ಮುಂಬಯಿ ಹುಡುಗರಿಗೆ ನಾನು ಈ ಕತೆಯನ್ನು ತಪ್ಪದೆ ಹೇಳುತ್ತೇನೆ.

ಆಮೇಲೆ ಅಮೆರಿಕದ ಪ್ರಿನ್ಸ್‌ಟನ್‌ಗೆ ಪಿಎಚ್‌ಡಿಗೆ ಹೋದರು. ಅಲ್ಲಿ ಥೀಸಿಸ್ ಟೈಪ್ ಮಾಡಬೇಕಿತ್ತು. ಟೈಪ್‌ರೈಟರಿನಲ್ಲಿ ಒಂದು ಪ್ಯಾರಾ ತಿದ್ದಿದರೆ ಮುಂದಿನ ಪುಟಗಳನ್ನೆಲ್ಲ ಮತ್ತೆ ಕುಟ್ಟಬೇಕು. ಅದರ ಬದಲು ಅವರು ಪಠ್ಯವನ್ನು ಸಾಲುಸಾಲಾಗಿ ಜೋಡಿಸುವ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಂಡರು. ಪ್ರೋಗ್ರಾಮೂ ತೂತು ಹಾಕಿದ ಪಂಚ್ ಕಾರ್ಡಿನ ಮೇಲೆ, ಥೀಸಿಸ್ಸೂ ಪಂಚ್ ಕಾರ್ಡಿನ ಮೇಲೆ. ತಿದ್ದಬೇಕಾದರೆ ಒಂದೆರಡು ಕಾರ್ಡು ಬದಲಿಸಿ ಇಡೀ ಕಟ್ಟನ್ನು ಮತ್ತೆ ಯಂತ್ರಕ್ಕೆ ಕೊಡುವುದು. ಬರವಣಿಗೆಗೂ ಕಂಪ್ಯೂಟರಿಗೂ ಅವರು ಹಾಕಿದ ಮೊದಲ ಗಂಟು ಇದು ಅನ್ನಬಹುದು.

ಆ ಥೀಸಿಸ್ಸಿನ ವಿಷಯವೂ ಸಣ್ಣದಲ್ಲ. ಒಂದು ಜಾಲವನ್ನು ಎರಡು ಸಮಭಾಗ ಮಾಡಬೇಕು, ಆದರೆ ನಡುವೆ ಕತ್ತರಿಸುವ ಕೊಂಡಿಗಳು ಆದಷ್ಟು ಕಡಿಮೆ ಇರಬೇಕು. ನಿಮ್ಮ ಸೊಸೈಟಿಯನ್ನೇ ತಗೊಳ್ಳಿ. ಎ ವಿಂಗ್, ಬಿ ವಿಂಗ್ ಎರಡರಲ್ಲೂ ಅಷ್ಟಷ್ಟೇ ಮನೆ. ದಿನಾ ಹೋಗಿಬಂದು ಮಾಡುವ ಕುಟುಂಬಗಳು ಆದಷ್ಟು ಒಂದೇ ವಿಂಗಿನಲ್ಲಿರಬೇಕು. ಒಂದು ಮನೆ ಅಲ್ಲಿಂದ, ಒಂದು ಮನೆ ಇಲ್ಲಿಂದ ಅದಲುಬದಲು ಮಾಡುತ್ತಾ ಹೋಗಬೇಕು. ಲಾಭ ಆಗುವ ಬದಲಾವಣೆಯನ್ನಷ್ಟೇ ಒಪ್ಪುತ್ತೇನೆ ಅಂತ ಕೂತರೆ ಬೇಗ ಸಿಕ್ಕಿಹಾಕಿಕೊಳ್ಳುತ್ತೀರಿ. ಕರ್ನಿಹ್ಯಾನ್ ಮತ್ತು ಬೆಲ್ ಲ್ಯಾಬ್ಸ್ ಅನ್ನೋ ಸಂಶೋಧನಾ ಕೇಂದ್ರದ ಶೆನ್ ಲಿನ್ ಮಾಡಿದ ಜಾಣತನ ಇಲ್ಲಿದೆ. ಸದ್ಯಕ್ಕೆ ನಷ್ಟ ಅನಿಸುವ ಬದಲಾವಣೆಯನ್ನೂ ಮಾಡಿ ಮುಂದೆ ಹೋಗಿ, ಕೊನೆಗೆ ಹಿಂತಿರುಗಿ ನೋಡಿ, ಯಾವ ಹಂತದಲ್ಲಿ ಒಟ್ಟು ಲಾಭ ಅತಿ ಜಾಸ್ತಿ ಇತ್ತೋ ಅಲ್ಲಿಗೆ ನಿಲ್ಲಿಸಿ. ಈ ವಿಧಾನ 1970ರಲ್ಲಿ ಪ್ರಕಟವಾಯಿತು. ಚಿಪ್ ಮೇಲೆ ಸರ್ಕಿಟ್ ಹಂಚುವ ಕೆಲಸಕ್ಕೆ ಇದು ಬುನಾದಿಯಾಯಿತು. 1973ರಲ್ಲಿ ಇಬ್ಬರೂ ಸೇರಿ ಊರೂರು ಸುತ್ತುವ ಸೇಲ್ಸ್‌ಮನ್‌ಗೆ ಅತಿ ಚಿಕ್ಕ ದಾರಿ ಯಾವುದು ಅನ್ನೋ ಲೆಕ್ಕಕ್ಕೂ ಇಂಥದ್ದೇ ಒಂದು ವಿಧಾನ ಕೊಟ್ಟರು. ಬೇರೆ ಯಾರಾದರೂ ಆಗಿದ್ದರೆ ಈ ಎರಡು ಲೇಖನದ ಮೇಲೆಯೇ ಜೀವಮಾನ ಕಳೆಯುತ್ತಿದ್ದರು. ಮಗಳು ಆಲ್ಗೊರಿದಮ್ಸ್ ಪೇಪರಿನಲ್ಲಿ ಈ ಹೆಸರು ಕಂಡರೆ, ಅದು ಪುಸ್ತಕದ ಮೇಲಿರುವವರೇ ಅಂತ ಹೇಳಿ.

1969ರಲ್ಲಿ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿದ್ದ ಬೆಲ್ ಲ್ಯಾಬ್ಸ್ ಸೇರಿದರು. ಅಮೆರಿಕದ ಟೆಲಿಫೋನ್ ಕಂಪನಿಯ ಸಂಶೋಧನಾ ಕೇಂದ್ರ ಅದು. ಅದೇ ವರ್ಷ ಅದೇ ಕಟ್ಟಡದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಂ, ಶುರುಮಾಡಿದರು. ಇಂದಿನ ಲಿನಕ್ಸ್, ಆಂಡ್ರಾಯ್ಡ್, ಐಫೋನ್ ಎಲ್ಲದರ ಹಿಂದೆಯೂ ಆ ಯೂನಿಕ್ಸ್‌ನ ನೆರಳಿದೆ. ಇಲ್ಲೊಂದು ತಮಾಷೆ ಕೇಳಿ. ಯೂನಿಕ್ಸ್ ತಂಡಕ್ಕೆ ಒಳ್ಳೆಯ ಯಂತ್ರ ಸಿಕ್ಕಿದ್ದು ದೊಡ್ಡ ವಿಜ್ಞಾನದ ಹೆಸರಿನಲ್ಲಲ್ಲ. ಕಂಪನಿಯ ಪೇಟೆಂಟ್ ವಿಭಾಗಕ್ಕೆ ಅರ್ಜಿಗಳನ್ನು ನೀಟಾಗಿ ಟೈಪ್ ಮಾಡಿಸಿಕೊಡುತ್ತೇವೆ ಅಂತ ಮಾತು ಕೊಟ್ಟಿದ್ದಕ್ಕೆ. ಪಠ್ಯ ಜೋಡಿಸುವ ಕೆಲಸವೇ ಯೂನಿಕ್ಸ್‌ಗೆ ಮೊದಲ ಅನ್ನ ಹಾಕಿದ್ದು. ಕರ್ನಿಹ್ಯಾನ್‌ಗೆ ಇದು ಮನೆಯ ಅಂಗಳ ಇದ್ದಹಾಗೆ. ಲೊರಿಂಡಾ ಚೆರ್ರಿ ಜೊತೆ ಗಣಿತದ ಸಮೀಕರಣಗಳನ್ನು ಅಚ್ಚು ಮಾಡುವ ‘ಇಕ್ಯುಎನ್’ ಬರೆದರು. ಚಿತ್ರ ಬಿಡಿಸುವುದಕ್ಕೆ ‘ಪಿಕ್’ ಬರೆದರು. ಸಹೋದ್ಯೋಗಿ ಜೋ ಒಸಾನಾ ತೀರಿಕೊಂಡ ಮೇಲೆ ಅವರು ಬಿಟ್ಟುಹೋದ ‘ಟಿರಾಫ್’ ಅನ್ನೋ ಪಠ್ಯ ಜೋಡಿಸುವ ಪ್ರೋಗ್ರಾಮನ್ನು ಬೇರೆಬೇರೆ ಪ್ರಿಂಟರುಗಳಿಗೆ ಹೊಂದುವಂತೆ ತಿದ್ದಿದರು. ನಿಮ್ಮ ಕೈಲಿರುವ ಸಿ ಪುಸ್ತಕದ ಮೊದಲ ಆವೃತ್ತಿಯನ್ನು ಅಚ್ಚಿಗೆ ಜೋಡಿಸಿದವರು ಯಾರು ಗೊತ್ತಾ? ಲೇಖಕರೇ, ಇದೇ ಉಪಕರಣಗಳಲ್ಲಿ, ಯೂನಿಕ್ಸ್ ಯಂತ್ರದ ಮೇಲೆ.

ಈಗ ಪುಸ್ತಕಗಳಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು.

ಮೊದಲನೆಯದು 1974ರದ್ದು, ‘ದ ಎಲಿಮೆಂಟ್ಸ್ ಆಫ್ ಪ್ರೋಗ್ರಾಮಿಂಗ್ ಸ್ಟೈಲ್’. ಜೊತೆಗಾರ ಪಿ. ಜೆ. ಪ್ಲಾಗರ್. ಇದರಲ್ಲಿರುವ ಕೆಟ್ಟ ಉದಾಹರಣೆ ಯಾವುದೂ ಕಟ್ಟಿ ಬರೆದದ್ದಲ್ಲ. ಎಲ್ಲ ಆಗ ಮಾರುಕಟ್ಟೆಯಲ್ಲಿದ್ದ ಪಠ್ಯಪುಸ್ತಕಗಳಿಂದ ಎತ್ತಿದವು. ಪಾಠ ಹೇಳಿಕೊಡುವ ಪುಸ್ತಕದ ಕೋಡನ್ನೇ ಪಾಠಕ್ಕೆ ಎಳೆದು ತಂದರು. ಬೈದದ್ದಿಲ್ಲ, ಮೂಲ ಲೇಖಕರ ಹೆಸರು ಹೇಳಿ ಅವಮಾನ ಮಾಡಿದ್ದೂ ಇಲ್ಲ. ಸುಮ್ನೆ ಸಾಲುಸಾಲಾಗಿ ಬಿಡಿಸಿ, ಹೀಗೆ ಬರೆದಿದ್ದರೆ ಹೇಗಿರುತ್ತಿತ್ತು ಅಂತ ತೋರಿಸಿದರು.

ಅದರ ಮೊದಲ ಉದಾಹರಣೆಯನ್ನು ಮಗಳಿಗೆ ಒಗಟಿನ ಹಾಗೆ ಕೇಳಿ. ಐಡೆಂಟಿಟಿ ಮ್ಯಾಟ್ರಿಕ್ಸ್ ಗೊತ್ತಲ್ಲ, ಸಂಖ್ಯೆಗಳ ಒಂದು ಚೌಕ, ಕರ್ಣದ ಉದ್ದಕ್ಕೂ 1, ಉಳಿದ ಕಡೆ 0. ಅದನ್ನು ತುಂಬಿಸಲು ಫೋರ್ಟ್ರಾನ್ ಅನ್ನೋ ಹಳೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಬ್ಬರು ಒಂದೇ ಸಾಲು ಬರೆದಿದ್ದರು. ಐ ಅಂದರೆ ಅಡ್ಡಸಾಲಿನ ಸಂಖ್ಯೆ, ಜೆ ಅಂದರೆ ಉದ್ದಸಾಲಿನ ಸಂಖ್ಯೆ. ಐ ಅನ್ನು ಜೆಯಿಂದ ಭಾಗಿಸು, ಜೆ ಅನ್ನು ಐಯಿಂದ ಭಾಗಿಸು, ಎರಡನ್ನೂ ಗುಣಿಸು. ಅಷ್ಟೇ. ಹೇಗೆ ಕೆಲಸ ಮಾಡುತ್ತೆ? ಪೂರ್ಣಾಂಕದ ಭಾಗಾಕಾರದಲ್ಲಿ ಉಳಿದ ಚೂರು ಬಿದ್ದುಹೋಗುತ್ತದೆ. 3 ಭಾಗಿಸು 5 ಅಂದರೆ 0. 5 ಭಾಗಿಸು 3 ಅಂದರೆ 1. ಗುಣಿಸಿದರೆ 0. ಎರಡೂ ಸಮ ಇದ್ದರೆ, 4 ಭಾಗಿಸು 4, ಅದು 1. ಒಂದಕ್ಕೆ ಒಂದು ಗುಣಿಸಿದರೂ 1. ಭೇಷ್ ಅಲ್ವಾ? ಹೌದು, ಆದರೆ ಓದುವವನು ಕಾಲು ಗಂಟೆ ತಲೆ ಕೆರೆದುಕೊಳ್ಳಬೇಕು. ಮೇಲಾಗಿ ಪ್ರತಿ ಮನೆಗೂ ಎರಡು ಭಾಗಾಕಾರ, ಒಂದು ಗುಣಾಕಾರ. ಎಲ್ಲಕ್ಕೂ 0 ಹಾಕು, ಆಮೇಲೆ ಕರ್ಣಕ್ಕೆ 1 ಹಾಕು ಅಂತ ಬರೆದರೆ ಯಾರಿಗೂ ವಿವರಣೆ ಬೇಡ. ಅತಿ ಬುದ್ಧಿವಂತಿಕೆ ಬೇಡ, ಸ್ಪಷ್ಟವಾಗಿ ಬರೆ ಅನ್ನೋದು ಈ ಪುಸ್ತಕದ ಮೊದಲ ನಿಯಮ.

ಇದೇ ಪುಸ್ತಕದಲ್ಲಿ ಅವರ ಇನ್ನೊಂದು ಮಾತಿದೆ, ಪ್ರೋಗ್ರಾಮರುಗಳ ಬಾಯಲ್ಲಿ ಗಾದೆಯೇ ಆಗಿದೆ. ಕೋಡ್ ಬರೆಯುವುದಕ್ಕಿಂತ ಅದರ ತಪ್ಪು ಹುಡುಕುವುದು ಎರಡು ಪಟ್ಟು ಕಷ್ಟ. ನಿಮ್ಮ ಪೂರ್ತಿ ಬುದ್ಧಿಯನ್ನು ಬರೆಯುವುದಕ್ಕೇ ಖರ್ಚು ಮಾಡಿದರೆ, ತಪ್ಪು ಹುಡುಕಲು ಎಲ್ಲಿಂದ ತರುತ್ತೀರಿ? ಮಗಳ ಎಐ ಮಾತಿಗೆ ಇದನ್ನು ಹಚ್ಚಿ ನೋಡಿ. ಆ ಕೋಡನ್ನು ಅವಳು ಬರೆದಿರುವುದೇ ಇಲ್ಲ, ಆದರೆ ತಪ್ಪು ಹುಡುಕಬೇಕಾದವಳು ಅವಳೇ. ನನ್ನ ಹತ್ತಿರ ಪ್ರಾಜೆಕ್ಟ್ ತೋರಿಸಲು ಬರುವ ಹುಡುಗರಲ್ಲಿ ಇದನ್ನು ದಿನಾ ನೋಡುತ್ತೇನೆ. ಪ್ರೋಗ್ರಾಂ ಓಡುತ್ತದೆ. ಈ ಸಾಲು ಯಾಕಿದೆ ಅಂತ ಕೇಳಿದರೆ ಸೀಲಿಂಗ್ ಫ್ಯಾನ್ ನೋಡುತ್ತಾರೆ.

1976ರಲ್ಲಿ ಪ್ಲಾಗರ್ ಜೊತೆಗೇ ‘ಸಾಫ್ಟ್‌ವೇರ್ ಟೂಲ್ಸ್’ ಬಂತು. ಚಿಕ್ಕ ಚಿಕ್ಕ ಉಪಕರಣ ಮಾಡಿ, ಒಂದರ ಬಾಯಿಗೆ ಇನ್ನೊಂದನ್ನು ಜೋಡಿಸಿ ಅನ್ನೋ ಯೂನಿಕ್ಸ್ ದಾರಿಯನ್ನು ಯೂನಿಕ್ಸ್ ಇಲ್ಲದವರಿಗೂ ತಲುಪಿಸಿದ ಪುಸ್ತಕ ಅದು. ಆಗ ಎಲ್ಲ ಕಡೆ ಇದ್ದದ್ದು ಫೋರ್ಟ್ರಾನ್. ಹಾಗಾಗಿ ಅದರ ಮೇಲೆ ‘ರಾಟ್‌ಫಾರ್’ ಅನ್ನೋ ಚೆಂದದ ಹೊದಿಕೆ ಹಾಕಿ, ಅದರಲ್ಲಿ ಬರೆದರು. 1981ರಲ್ಲಿ ಅದನ್ನೇ ಪ್ಯಾಸ್ಕಲ್ ಭಾಷೆಗೆ ತಂದರು. ಆ ಅನುಭವದಿಂದ ಬೇಸತ್ತು, ಪ್ಯಾಸ್ಕಲ್ ನನಗ್ಯಾಕೆ ಹಿಡಿಸುವುದಿಲ್ಲ ಅಂತ ಒಂದು ಲೇಖನ ಬರೆದರು. ಅದು ಈಗಲೂ ಓದಲು ಸಿಗುತ್ತದೆ, ಹದವಾದ ಜಗಳ ಹೇಗಿರಬೇಕು ಅಂತ ತಿಳಿಯುವುದಕ್ಕಾದರೂ ಓದಬೇಕು.

ಇನ್ನು ನಿಮ್ಮ ಕೈಲಿರುವ ಪುಸ್ತಕ. ರಿಚಿ ಭಾಷೆ ಕಟ್ಟಿದರು, 1973ರಲ್ಲಿ ಯೂನಿಕ್ಸನ್ನೇ ಸಿಯಲ್ಲಿ ಮತ್ತೆ ಬರೆದದ್ದಾಯಿತು. ಕರ್ನಿಹ್ಯಾನ್ ಸಹೋದ್ಯೋಗಿಗಳಿಗೆಂದು ಸಿಯ ಮೇಲೊಂದು ಪುಟ್ಟ ಪಾಠ ಬರೆದಿದ್ದರು. ಅದಕ್ಕೂ ಮುಂಚೆ, ಸಿಯ ಹಿಂದಿನ ಭಾಷೆಯಾದ ಬಿಗೂ ಒಂದು ಪಾಠ ಬರೆದಿದ್ದರು. ಇದನ್ನು ಪುಸ್ತಕ ಮಾಡೋಣ ಅಂತ ರಿಚಿಯವರನ್ನು ಒಪ್ಪಿಸಿದವರು ಇವರೇ. 1978ರಲ್ಲಿ ಬಂತು. ಪಾಠದ ಭಾಗ ಹೆಚ್ಚಿನದು ಇವರದು. ಯೂನಿಕ್ಸ್ ಜೊತೆ ಮಾತಾಡುವ 8ನೇ ಅಧ್ಯಾಯ ಮತ್ತು ಹಿಂದಿನ ರೆಫರೆನ್ಸ್ ಮ್ಯಾನ್ಯುಯಲ್ ರಿಚಿಯವರದು. ಮೊದಲ ಆವೃತ್ತಿ ಇನ್ನೂರ ಚಿಲ್ಲರೆ ಪುಟ. ಒಂದು ಭಾಷೆಯನ್ನು ಇಷ್ಟರಲ್ಲಿ ಹೇಳಿ ಮುಗಿಸಬಹುದು ಅಂತ ತೋರಿಸಿದ್ದೇ ದೊಡ್ಡ ವಿಷಯ. ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದವಾಗಿದೆ. ನಮ್ಮಲ್ಲಿ ಇದರ ಕಡಿಮೆ ಬೆಲೆಯ ಭಾರತೀಯ ಮುದ್ರಣ ಬಂದದ್ದರಿಂದಲೇ ಫೋರ್ಟ್ ಮತ್ತು ಮಾಟುಂಗಾದ ಫುಟ್‌ಪಾತಿನವರೆಗೆ ಇಳಿಯಿತು.

ಜಗತ್ತಿನ ಹುಡುಗರೆಲ್ಲ ಮೊದಲ ಪ್ರೋಗ್ರಾಂ ಅಂತ ‘ಹಲೋ, ವರ್ಲ್ಡ್’ ಅಂತ ಅಚ್ಚು ಹಾಕಿಸುತ್ತಾರಲ್ಲ, ಅದರ ಮೂಲವೂ ಇವರೇ. ಈ ಪುಸ್ತಕದಿಂದ ಅದು ಜಗತ್ತಿಗೆ ಹರಡಿತು. ಆದರೆ ಮೊದಲು ಬಂದದ್ದು ಆ ಬಿ ಭಾಷೆಯ ಪಾಠದಲ್ಲಿ. ಬಿಯಲ್ಲಿ ಒಂದು ಸ್ಥಿರಾಂಕಕ್ಕೆ ನಾಲ್ಕೇ ಅಕ್ಷರ ಹಿಡಿಸುತ್ತಿತ್ತು. ಹಾಗಾಗಿ ಅವರು ಇಂಗ್ಲಿಷ್ ಅಕ್ಷರಗಳನ್ನು ನಾಲ್ಕು ನಾಲ್ಕರಂತೆ ಮೂರು ತುಂಡು ಮಾಡಬೇಕಾಯಿತು. ಎಣಿಸಿ ನೋಡಿ, ಕಾಮಾ ಮತ್ತು ಖಾಲಿ ಜಾಗ ಸೇರಿ ಸರಿಯಾಗಿ 12 ಬರುತ್ತದೆ. ಮೊದಲ ತುಂಡು ‘ಹೆಲ್’ ಅಂತಲೇ ಓದಿಸಿಕೊಳ್ಳುತ್ತದೆ, ಅಂದರೆ ನರಕ! ಆ ಮಾತು ಎಲ್ಲಿಂದ ಹೊಳೆಯಿತು ಅಂತ ಕೇಳಿದಾಗ, ಮೊಟ್ಟೆಯಿಂದ ಹೊರಬಂದ ಮರಿ ಹಾಗೆ ಹೇಳುವ ಒಂದು ಕಾರ್ಟೂನ್ ನೋಡಿದ ನೆನಪಿದೆ ಅಂದಿದ್ದರು.

ಪುಸ್ತಕದಲ್ಲಿ ನಾನು ತುಂಬ ಮೆಚ್ಚುವ ಜಾಗ 5ನೇ ಅಧ್ಯಾಯ, ಪಾಯಿಂಟರ್‌ಗಳದು, ಅಂದರೆ ಮೆಮೊರಿಯ ವಿಳಾಸ ಹಿಡಿದಿಡುವವು. ನಮ್ಮ ಹುಡುಗರಿಗೆ ಜ್ವರ ಬರಿಸುವ ವಿಷಯ ಅದು. ಒಂದು ಪದವನ್ನು ಒಂದು ಜಾಗದಿಂದ ಇನ್ನೊಂದಕ್ಕೆ ನಕಲು ಮಾಡುವ ಪುಟ್ಟ ಫಂಕ್ಷನ್ ಅನ್ನು ಅಲ್ಲಿ ಮತ್ತೆ ಮತ್ತೆ ಬರೆಯುತ್ತಾರೆ. ಮೊದಲು ಎಲ್ಲರಿಗೂ ತಿಳಿಯುವ ಅರೇ, ಅಂದರೆ ಸಾಲುಪಟ್ಟಿಯ ರೂಪ. ಆಮೇಲೆ ಪಾಯಿಂಟರ್ ರೂಪ. ಆಮೇಲೆ ಇನ್ನಷ್ಟು ಬಿಗಿ. ಕೊನೆಗೆ ಉಳಿಯುವುದು ಷರತ್ತು ನಿಜವಾಗಿರುವವರೆಗೆ ಸುತ್ತುವ ಒಂದೇ ಒಂದು ವೈಲ್ ಲೂಪ್, ಅದರ ಹೊಟ್ಟೆಯಲ್ಲಿ ಏನೂ ಇಲ್ಲ. ಎಲ್ಲ ಕೆಲಸ ಷರತ್ತಿನೊಳಗೇ ಮುಗಿದುಹೋಗುತ್ತದೆ.

ಇಲ್ಲಿ ಚುರುಕು ಹುಡುಗರು ತಕರಾರು ತೆಗೆಯುತ್ತಾರೆ. ಅತಿ ಬುದ್ಧಿವಂತಿಕೆ ಬೇಡ ಅಂದವರೇ ಇದನ್ನು ಬರೆದರಾ ಅಂತ. ತಕರಾರು ನ್ಯಾಯವಾದದ್ದು. ನನ್ನ ಉತ್ತರ ಇಷ್ಟು. ಆ ಐ–ಜೆ ಭಾಗಾಕಾರ ಒಬ್ಬನ ಖಾಸಗಿ ಚಮತ್ಕಾರ, ಇನ್ನೆಲ್ಲೂ ಸಿಗದು. ಈ ಖಾಲಿ ಲೂಪ್ ಸಿ ಬರೆಯುವವರ ದಿನಬಳಕೆಯ ನುಡಿಗಟ್ಟು. ಮೊದಲ ಸಲ ಕಂಡಾಗ ಬೆಚ್ಚಿಬೀಳುತ್ತೀರಿ, ಆದರೆ ಬೇರೆಯವರ ಕೋಡಿನಲ್ಲಿ ನೂರು ಕಡೆ ಸಿಗುತ್ತದೆ, ಅದಕ್ಕೇ ಕಲಿಯಬೇಕು. ಹಾಗಂತ ಪುಸ್ತಕವೂ ಹೇಳುತ್ತದೆ. ಅದನ್ನು ನೇರ ತಲೆ ಮೇಲೆ ಎಸೆಯದೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವುದು ಗುರುವಿನ ಕೆಲಸ. ಪರೀಕ್ಷೆಗೆ ಬರೆದ ಗೈಡುಗಳಲ್ಲಿ ಕೊನೆಯ ಮೆಟ್ಟಿಲು ಮಾತ್ರ ಇರುತ್ತದೆ.

ಉಳಿದ ಪುಸ್ತಕಗಳನ್ನು ಬೇಗ ಹೇಳುತ್ತೇನೆ. ರಾಬ್ ಪೈಕ್ ಜೊತೆ 1984ರಲ್ಲಿ ಯೂನಿಕ್ಸ್ ಬಳಕೆಯ ಪುಸ್ತಕ, 1999ರಲ್ಲಿ ‘ದ ಪ್ರಾಕ್ಟೀಸ್ ಆಫ್ ಪ್ರೋಗ್ರಾಮಿಂಗ್’. ಅಲನ್ ಡೊನೊವನ್ ಜೊತೆ 2015ರಲ್ಲಿ ಗೋ ಭಾಷೆಯ ಪುಸ್ತಕ. ಗೋ ಭಾಷೆಯನ್ನೂ ಕಟ್ಟಿದವರು ಇವರಲ್ಲ, ಮತ್ತೆ ಅದೇ ಕತೆ! 2019ರಲ್ಲಿ ಯೂನಿಕ್ಸ್ ದಿನಗಳ ನೆನಪು. ರಾಬರ್ಟ್ ಫೌರರ್, ಡೇವಿಡ್ ಗೇ ಜೊತೆ ಸೇರಿ ಕಾರ್ಖಾನೆ, ಸಾಗಾಟದಂಥ ದೊಡ್ಡ ಲೆಕ್ಕಗಳನ್ನು ಬರೆಯುವ ಎಎಂಪಿಎಲ್ ಅನ್ನೋ ಭಾಷೆಯನ್ನೂ ಮಾಡಿದರು.

ಅವರು ಪಾಲು ಹಂಚಿಕೊಂಡು ಕಟ್ಟಿದ ಇನ್ನೊಂದು ಭಾಷೆ ಆಕ್, 1977ರದ್ದು. ಆಲ್ಫ್ರೆಡ್ ಅಹೋ, ಪೀಟರ್ ವೈನ್‌ಬರ್ಗರ್, ಕರ್ನಿಹ್ಯಾನ್, ಮೂವರ ಹೆಸರಿನ ಮೊದಲಕ್ಷರ ಸೇರಿ ಆ ಹೆಸರಾಯಿತು. ನೀವು ಬ್ಯಾಂಕಿನವರು, ನಿಮಗೆ ತಕ್ಷಣ ಹಿಡಿಸುತ್ತದೆ. ಒಂದು ಸ್ಟೇಟ್‌ಮೆಂಟ್ ಫೈಲ್ ಇದೆ ಅಂದುಕೊಳ್ಳಿ, ಸಾಲಿಗೊಂದು ತಾರೀಖು, ವಿವರ, ಮೊತ್ತ. 10,000ಕ್ಕಿಂತ ಜಾಸ್ತಿ ಇರುವ ಸಾಲುಗಳನ್ನು ಆರಿಸಿ ಒಟ್ಟು ಕೂಡು ಅಂದರೆ ಆಕ್‌ನಲ್ಲಿ ಒಂದೇ ಸಾಲು ಸಾಕು. ಫೈಲ್ ತೆರೆ, ಸಾಲು ಓದು, ತುಂಡು ಮಾಡು ಅನ್ನೋದನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ಲಿನಕ್ಸ್ ಇರುವ ಲ್ಯಾಬಿನಲ್ಲಿ ಮಗಳು ಇವತ್ತೇ ಪರೀಕ್ಷಿಸಬಹುದು.

ಈ ಆಕ್‌ಗೂ ನಮ್ಮ ಕನ್ನಡಕ್ಕೂ ಒಂದು ನಂಟಿದೆ. ಮೂಲ ಆಕ್ ಹುಟ್ಟಿದ ಕಾಲಕ್ಕೆ ಅಕ್ಷರ ಅಂದರೆ ಇಂಗ್ಲಿಷ್ ಅಕ್ಷರ, ಅಕ್ಷರಕ್ಕೊಂದು ಬೈಟ್, ಅಂದರೆ ಕಂಪ್ಯೂಟರ್ ಮೆಮೊರಿಯ ಒಂದು ಮನೆ. ಹಾಗಾಗಿ ‘ಮುಂಬಯಿ’ ಅನ್ನೋ ಪದದ ಉದ್ದ ಎಷ್ಟು ಅಂತ ಕೇಳಿದರೆ ಹಳೇ ಆಕ್ 18 ಅನ್ನುತ್ತಿತ್ತು. ಎಲ್ಲ ಭಾಷೆಯ ಅಕ್ಷರಗಳನ್ನು ಬೈಟ್‌ಗಳಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಮ, ಉಕಾರದ ಕೊಂಬು, ಸೊನ್ನೆ, ಬ, ಯ, ಇಕಾರದ ಗುಡಿಸು. ಆರು ಚಿಹ್ನೆ, ಹದಿನೆಂಟು ಬೈಟ್. 2022ರಲ್ಲಿ ಆಕ್‌ಗೆ ಯೂನಿಕೋಡ್, ಅಂದರೆ ಎಲ್ಲ ಭಾಷೆಗಳ ಅಕ್ಷರಪಟ್ಟಿ, ಕಲಿಸಿದವರು ಯಾರು? ಕರ್ನಿಹ್ಯಾನ್ ಅವರೇ, ತಮ್ಮ 80ನೇ ವಯಸ್ಸಿನಲ್ಲಿ, ಕೂತು ಕೋಡ್ ಬರೆದು ಕಳಿಸಿದರು. ಜೊತೆಗಿನ ಪತ್ರದಲ್ಲಿ, ಗಿಟ್ (ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಉಪಕರಣ) ನನಗೆ ಇನ್ನೂ ಸರಿಯಾಗಿ ಅರ್ಥವಾಗಿಲ್ಲ ಅಂತ ಬೇರೆ ಬರೆದಿದ್ದರು. ಗಿಟ್ ಬರಲ್ಲ ಅಂತ ಅಳುವ ಎರಡನೇ ವರ್ಷದವರಿಗೆ ಇದಕ್ಕಿಂತ ಒಳ್ಳೇ ಸಮಾಧಾನ ಬೇಕಾ? ಈಗ ಆಕ್ ಅದೇ ಪದಕ್ಕೆ 6 ಅನ್ನುತ್ತದೆ. ನೀವು, ನಾನು ಎಣಿಸಿದರೆ ಮುಂ, ಬ, ಯಿ ಅಂತ 3. ಅಲ್ಲಿಗಿನ್ನೂ ಅದು ತಲುಪಿಲ್ಲ. ಮಗಳಿಗೆ ಒಳ್ಳೇ ಮಿನಿ ಪ್ರಾಜೆಕ್ಟ್ ಆಗುತ್ತದೆ. ಆಕ್ ಪುಸ್ತಕದ ಎರಡನೇ ಆವೃತ್ತಿ 2023ರಲ್ಲಿ ಬಂದಿದೆ, ಯೂನಿಕೋಡ್ ಸೇರಿಸಿಯೇ.

ಇನ್ನೊಂದು ನೋಡಿ. 1982ರಲ್ಲಿ ಬೆಲ್ ಲ್ಯಾಬ್ಸ್ ಯೂನಿಕ್ಸ್ ಬಗ್ಗೆ ಒಂದು ಫಿಲ್ಮ್ ಮಾಡಿತ್ತು. ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ. ಅದರಲ್ಲಿ ಕರ್ನಿಹ್ಯಾನ್ ಆರಾಮಾಗಿ ಕೂತು, ಕೀಲಿಮಣೆ ಮುಂದಿಟ್ಟುಕೊಂಡು ಕಾಗುಣಿತ ತಿದ್ದುವ ಪ್ರೋಗ್ರಾಮನ್ನು ಅಲ್ಲೇ ಕಟ್ಟಿ ತೋರಿಸುತ್ತಾರೆ. ಪಠ್ಯವನ್ನು ಪದ ಪದ ಬಿಡಿಸು, ಎಲ್ಲ ಚಿಕ್ಕಕ್ಷರ ಮಾಡು, ಅಕಾರಾದಿಯಾಗಿ ಜೋಡಿಸು, ಒಂದೇ ಪದ ಮತ್ತೆ ಮತ್ತೆ ಬಂದಿದ್ದರೆ ಒಂದನ್ನಷ್ಟೇ ಉಳಿಸು, ನಿಘಂಟಿನಲ್ಲಿ ಇಲ್ಲದ್ದನ್ನು ತೋರಿಸು. ಐದು ಪುಟಾಣಿ ಉಪಕರಣ, ಒಂದರ ಹಿಂದೆ ಒಂದು. ಇಂಗ್ಲಿಷಿಗೆ ಸೊಗಸಾಗಿ ಓಡುತ್ತದೆ. ಹಾಗೇ ಕನ್ನಡಕ್ಕೆ ತಂದರೆ ಕೈಕೊಡುತ್ತದೆ. ನಿಘಂಟಿನಲ್ಲಿ ‘ಮನೆ’ ಇರುತ್ತದೆ. ಪಠ್ಯದಲ್ಲಿ ಮನೆಯಲ್ಲಿ, ಮನೆಯವರಿಗೂ, ಮನೆಯಿಂದಲೇ ಅಂತ ಬರುತ್ತದೆ. ಎಲ್ಲ ತಪ್ಪು ಅಂತ ಪಟ್ಟಿ ಮಾಡಿಬಿಡುತ್ತದೆ. ಮಧ್ಯೆ ಇನ್ನೊಂದು ಉಪಕರಣ ಬೇಕು, ಪ್ರತ್ಯಯ ಬಿಡಿಸುವಂಥದ್ದು. ಇಡೀ ಪ್ರೋಗ್ರಾಂ ಒಡೆಯಬೇಕಿಲ್ಲ, ಸಾಲಿನ ನಡುವೆ ಒಂದನ್ನು ತೂರಿಸಿದರೆ ಸಾಕು. ಈ ದಾರಿಯ ಸುಖ ಅದು.

ಅವರ ವೃತ್ತಿಯ ಉಳಿದ ವಿವರ ಇಷ್ಟು. ಬೆಲ್ ಲ್ಯಾಬ್ಸ್‌ನಲ್ಲಿ 2000ರವರೆಗೆ ಇದ್ದರು, ಅದರಲ್ಲಿ ಸುಮಾರು ಇಪ್ಪತ್ತು ವರ್ಷ ಒಂದು ವಿಭಾಗದ ಮುಖ್ಯಸ್ಥರಾಗಿ. ಆಮೇಲೆ ತಾವು ಓದಿದ ಪ್ರಿನ್ಸ್‌ಟನ್‌ನಲ್ಲೇ ಪ್ರೊಫೆಸರ್ ಆದರು. ಅಲ್ಲಿ ಅವರು ನಡೆಸಿದ ಕೋರ್ಸ್ ಒಂದಿದೆ, ಇತಿಹಾಸ, ಸಾಹಿತ್ಯ ಓದುವ ಮಕ್ಕಳಿಗೆ ಕಂಪ್ಯೂಟರ್ ಅಂದರೇನು ಅಂತ ಹೇಳಿಕೊಡುವುದು. ಕಂಪ್ಯೂಟರ್ ಲೋಕದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 1983ರಲ್ಲಿ ಥಾಂಪ್ಸನ್, ರಿಚಿಯವರಿಗೆ ಬಂತು. ಆಕ್‌ನ ಜೊತೆಗಾರ ಅಹೋಗೆ 2020ರದ್ದು ಬಂತು. ಕರ್ನಿಹ್ಯಾನ್‌ಗೆ ಬಂದಿಲ್ಲ. ವಿವರಿಸಿ ಬರೆಯುವುದಕ್ಕೆ ಅಲ್ಲಿಯೂ ಅಂಕ ಕಡಿಮೆ ಅನಿಸುತ್ತದೆ. ನನ್ನ ಕೇಳಿದರೆ ಇದು ಸರಿಯಲ್ಲ. ಸಿಯ ಜೊತೆ ಇನ್ನೂ ಎಷ್ಟೋ ಭಾಷೆ ಹುಟ್ಟಿದವು, ಸತ್ತವು. ಸಿ ಉಳಿಯಲು ಯೂನಿಕ್ಸ್ ಒಂದು ಕಾರಣ, ಈ ಪುಸ್ತಕ ಇನ್ನೊಂದು. ರಿಚಿ 2011ರ ಅಕ್ಟೋಬರಿನಲ್ಲಿ ತೀರಿಕೊಂಡರು, ಸ್ಟೀವ್ ಜಾಬ್ಸ್ ಹೋದ ಒಂದೇ ವಾರಕ್ಕೆ. ಪೇಪರುಗಳಲ್ಲಿ ಜಾಬ್ಸ್ ಸುದ್ದಿಯ ಮುಂದೆ ಅವರದು ಮೂಲೆಗೆ ಸರಿಯಿತು.

ಇನ್ನು ಮಗಳು ಏನು ಮಾಡಬೇಕು ಅನ್ನೋದು. ಮೊದಲು ಕವರ್ ನೋಡಿ. ಮೇಲೆ ಕೆಂಪು ಅಕ್ಷರದಲ್ಲಿ ಎಎನ್ಎಸ್ಐ ಸಿ (ಅಮೆರಿಕದ ಮಾನಕ ಸಂಸ್ಥೆಯ ಸಿ) ಅಂತ ಇದ್ದರೆ ಅದು 1988ರ ಎರಡನೇ ಆವೃತ್ತಿ, ಧೈರ್ಯವಾಗಿ ಓದಬಹುದು. ಅದಿಲ್ಲದಿದ್ದರೆ 1978ರದ್ದು. ಅದರಲ್ಲಿ ಫಂಕ್ಷನ್ ಬರೆಯುವ ಕ್ರಮವೇ ಬೇರೆ, ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಈಗಿನ ಕಂಪೈಲರ್ ಗೊಣಗುತ್ತದೆ. ಅದನ್ನು ಕಪಾಟಿನಲ್ಲಿಡಿ, ಕಲಿಯಲು ಬೇಡ.

1ನೇ ಅಧ್ಯಾಯವನ್ನು ಕಂಪ್ಯೂಟರ್ ಮುಂದೆ ಕೂತು ಓದಲಿ. ಉದಾಹರಣೆಗಳನ್ನು ಕಾಪಿ ಪೇಸ್ಟ್ ಮಾಡದೆ ಕೈಯಾರೆ ಟೈಪ್ ಮಾಡಲಿ. ಅಭ್ಯಾಸಗಳನ್ನು ಬಿಡಬಾರದು, ಪುಸ್ತಕದ ಅರ್ಧ ಜೀವ ಅಲ್ಲಿದೆ. 4ರಲ್ಲಿ ಒಂದು ಪುಟ್ಟ ಕ್ಯಾಲ್ಕುಲೇಟರ್ ಕಟ್ಟುತ್ತಾರೆ, ಅದಾದ ಮೇಲೆ 5ಕ್ಕೆ ಹೋಗಲಿ. 5ನ್ನು ಒಂದೇ ಸಲಕ್ಕೆ ಮುಗಿಸುವ ಆತುರ ಬೇಡ. 8ನ್ನು ಆಪರೇಟಿಂಗ್ ಸಿಸ್ಟಮ್ಸ್ ಪೇಪರ್ ಬಂದಾಗ ನೋಡಿದರಾಯಿತು. ಎಐ ಬಿಡಬೇಕಾಗಿಲ್ಲ. ಅಭ್ಯಾಸವನ್ನು ಮೊದಲು ತಾನು ಬರೆಯಲಿ, ಆಮೇಲೆ ಎಐ ಕೈಲಿ ಬರೆಸಲಿ, ಎರಡನ್ನೂ ಅಕ್ಕಪಕ್ಕ ಇಟ್ಟು ಯಾವುದು ಓದಲು ಸುಲಭ ಅಂತ ತನ್ನ ಮಾತಲ್ಲಿ ಎರಡು ಸಾಲು ಬರೆದಿಡಲಿ. 1988ರ ನಂತರ ಸಿಗೆ ಹಲವು ಸಲ ಹೊಸ ಮಾನಕ ಬಂದಿದೆ. ಆ ಹೊಸ ಸಂಗತಿ, ಜೊತೆಗೆ ಮೆಮೊರಿ ಸುರಕ್ಷತೆಯ ವಿಷಯ, ಇದರಲ್ಲಿ ಸಿಗುವುದಿಲ್ಲ. ಅದಕ್ಕೆ ಬೇರೆ ಪುಸ್ತಕ ಬೇಕೇ ಬೇಕು.

ಯೂನಿವರ್ಸಿಟಿ ಪರೀಕ್ಷೆಗೂ ಇದೊಂದನ್ನೇ ನೆಚ್ಚಿಕೊಳ್ಳಬೇಡಿ. ಐದು ಮಾರ್ಕಿನ ‘ವ್ಯತ್ಯಾಸ ತಿಳಿಸಿ’ ಪ್ರಶ್ನೆಗೆ ಇಲ್ಲಿ ಉತ್ತರ ಸಿಗದು. ಜರ್ನಲ್, ಟರ್ಮ್ ವರ್ಕ್ ಎಲ್ಲ ಅದರ ಪಾಡಿಗೆ ನಡೆಯಲಿ. ಕೆಟಿ ಬಿದ್ದರೆ ನನ್ನನ್ನು ಬಯ್ಯಬೇಡಿ.

ಮತ್ತೆ ನಿಮಗೂ ಒಂದು ಪುಸ್ತಕ ಇದೆ. ಕರ್ನಿಹ್ಯಾನ್ ಆ ಇತಿಹಾಸ, ಸಾಹಿತ್ಯದ ಮಕ್ಕಳ ಕೋರ್ಸಿನಿಂದ ಮಾಡಿದ್ದು, ‘ಅಂಡರ್‌ಸ್ಟ್ಯಾಂಡಿಂಗ್ ದ ಡಿಜಿಟಲ್ ವರ್ಲ್ಡ್’, 2017ರದ್ದು, ಆಮೇಲೆ ಹೊಸ ಆವೃತ್ತಿಯೂ ಬಂದಿದೆ. ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ. ಬಿಟ್, ಬೈಟ್‌ನಿಂದ ಶುರುಮಾಡಿ ಪಾಸ್‌ವರ್ಡ್, ಕುಕ್ಕಿ (ವೆಬ್‌ಸೈಟು ನಮ್ಮನ್ನು ಗುರುತಿಸಲು ಇಡುವ ಚೀಟಿ), ಎನ್‌ಕ್ರಿಪ್ಷನ್ (ಮಾಹಿತಿಯನ್ನು ಗುಪ್ತಲಿಪಿ ಮಾಡುವುದು) ವರೆಗೆ ಬರುತ್ತದೆ. ಪೆನ್ಷನ್ ಖಾತೆಯನ್ನು ಮೊಬೈಲಿನಲ್ಲಿ ನೋಡುವವರು ಕುಕ್ಕಿ ಮತ್ತು ಎನ್‌ಕ್ರಿಪ್ಷನ್ ಅಧ್ಯಾಯಗಳಿಂದ ಶುರುಮಾಡಬಹುದು, ಮೊದಲಿನಿಂದಲೇ ಓದಬೇಕು ಅಂತೇನಿಲ್ಲ.